ವಿಕಿರಣಕ್ಕೆ ಒಡ್ಡಿದ ಲಿಂಬೆ ಗಿಡ: ಬೆಳವಣಿಗೆಯನ್ನು ಅಳೆಯುವ, ಪೋಷಣೆಯನ್ನು ಓದುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ತೋಟಗಳ ಅಂಚಿನಲ್ಲಿ ಒಂದೆರಡು ಲಿಂಬೆ, ಒಂದು ಕಂಚಿ, ಹಿತ್ತಲಿನಲ್ಲಿ ಒಂದು ಚಕ್ಕೋತ ಇಲ್ಲದ ಮನೆ ಕಡಿಮೆ. ಈ ಗಿಡಗಳ ಒಂದು ಕೊಂಬೆಯ ಎಲೆಗಳಷ್ಟೇ ಹಳದಿಯಾದರೆ ಅಥವಾ ಹಣ್ಣಿನ ಸಿಪ್ಪೆಯ ಮೇಲೆ ಬೇರೆ ಬಣ್ಣದ ಪಟ್ಟೆಯೊಂದು ಮೂಡಿದರೆ, ಕಾರವಾರದ ಕಡೆ ಯಾರಾದರೂ ಒಬ್ಬರು ತಮಾಷೆಗೋ ಆತಂಕದಿಂದಲೋ ಕೈಗಾ ಅಣುವಿದ್ಯುತ್ ಸ್ಥಾವರದ ಹೆಸರೆತ್ತುವುದುಂಟು. ಆದರೆ ವಿಕಿರಣದಿಂದ ಲಿಂಬೆ ಜಾತಿಯಲ್ಲಿ ಹೊಸ ತಳಿಯನ್ನು ಪಡೆಯುವ ಕೆಲಸಕ್ಕೂ ವಿದ್ಯುತ್ ಸ್ಥಾವರದ ನೆರೆಹೊರೆಗೂ ಸಂಬಂಧವಿಲ್ಲ. ಆ ಕೆಲಸ ನಡೆಯುವುದು ಸೀಸದ ಗೋಡೆಯೊಳಗಿನ ಕೋಬಾಲ್ಟ್-60 ಆಕರದ ಎದುರು, ಕೆಲವೇ ನಿಮಿಷಗಳಲ್ಲಿ. ಆಮೇಲಿನ ಹತ್ತಾರು ವರ್ಷಗಳ ಕೆಲಸವೆಲ್ಲ ನಡೆಯುವುದು ನರ್ಸರಿಯಲ್ಲಿ ಮತ್ತು ತೋಟದಲ್ಲಿ.

ಯಾವುದಾದರೂ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಕೇಂದ್ರದ ಜೊತೆಗೂಡಿ ಇಂಥ ಪ್ರಯೋಗಕ್ಕೆ ಇಳಿಯುವ ವಿದ್ಯಾರ್ಥಿಗಳು, ನರ್ಸರಿಯವರು ಮತ್ತು ತಮ್ಮ ನೆಲದಲ್ಲಿ ಪ್ರಯೋಗದ ಗಿಡಗಳನ್ನು ಬೆಳೆಸಿಕೊಡಲು ಒಪ್ಪಿದ ಕೃಷಿಕರಿಗಾಗಿ ಈ ಕೈಪಿಡಿಯನ್ನು ಬರೆದಿದೆ. ಇದರ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಇದೆ. ವಿಕಿರಣಕ್ಕೆ ಒಡ್ಡಿದ ಗಿಡದಲ್ಲಿ ಕಾಣುವ ವ್ಯತ್ಯಾಸವು ಕಿರಣದ ಪೆಟ್ಟಿನ ತಾತ್ಕಾಲಿಕ ಗುರುತೋ, ಉಳಿದು ಬರುವ ಉತ್ಪರಿವರ್ತನೆಯೋ (ಆನುವಂಶಿಕ ಬದಲಾವಣೆಯೋ), ಅಥವಾ ನಮ್ಮ ಮಣ್ಣಿನ ಹಸಿವು ಹಾಗೂ ರೋಗಗಳು ತೊಟ್ಟ ವೇಷವೋ ಎಂಬುದನ್ನು ಹೇಗೆ ತಿಳಿಯಬೇಕು? ಮಲೆನಾಡಿನ ಆಮ್ಲೀಯ ಮಣ್ಣಿನಲ್ಲಿ ಮೂರನೆಯದೇ ಹೆಚ್ಚು ಸಲ ನಮ್ಮನ್ನು ಮೋಸಗೊಳಿಸುತ್ತದೆ.

ಮೊದಲು ಪ್ರಮಾಣದ ಅಂದಾಜು ಮನಸ್ಸಿನಲ್ಲಿರಬೇಕು. ಜೀವಿಯ ದೇಹ ಹೀರಿಕೊಂಡ ವಿಕಿರಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಕಿಲೋ ವಸ್ತು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಅದು 1 ಗ್ರೇ. ಲಿಂಬೆ ಜಾತಿಯ ಕಣ್ಣುಕಡ್ಡಿಗಳಿಗೆ, ಅಂದರೆ ಕಸಿ ಕಟ್ಟಲು ಬಳಸುವ ಮೊಗ್ಗುಗಳಿರುವ ಕಡ್ಡಿಗಳಿಗೆ, ಸಾಮಾನ್ಯವಾಗಿ 20ರಿಂದ 60 ಗ್ರೇವರೆಗಿನ ಗಾಮಾ ಕಿರಣವನ್ನು ಕೊಟ್ಟು ನೋಡುತ್ತಾರೆ. ಜಗತ್ತಿನಲ್ಲಿ ಮನುಷ್ಯನೊಬ್ಬ ನಿಸರ್ಗದಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣವನ್ನು ಪಡೆಯುತ್ತಾನೆ. ಗಾಮಾ ಕಿರಣದ ಲೆಕ್ಕದಲ್ಲಿ 1 ಗ್ರೇ 1 ಸೀವರ್ಟ್‌ಗೆ (ಸಾವಿರ ಮಿಲಿಸೀವರ್ಟ್‌ಗೆ) ಸಮ, ಹಾಗಾಗಿ 40 ಗ್ರೇ ಎಂದರೆ ಅಂಥ ಹದಿನಾರು ಸಾವಿರ ವರ್ಷಗಳಿಗೂ ಮೀರಿದ ಪಾಲು ಒಂದೇ ಸಲಕ್ಕೆ ಸಿಕ್ಕಂತೆ. ಕೈಗಾದ ನಾಲ್ಕು ಘಟಕಗಳ ಸುತ್ತಲಿನ ಲಿಂಬೆ ಗಿಡ ಬಿಳಿಚಿಕೊಂಡಿದ್ದರೆ ಅದರ ಕಾರಣವನ್ನು ಬೇರಿನ ಬುಡದಲ್ಲಿ ಹುಡುಕುವುದೇ ಸರಿ ಎಂದು ನಾನು ಹೇಳುವುದು ಈ ಅಂತರದ ಕಾರಣಕ್ಕೆ. ಇನ್ನೊಂದು ಮಾತು: ಗಾಮಾ ಕಿರಣ ಹಾಯ್ದ ಕಡ್ಡಿ ತಾನು ವಿಕಿರಣ ಸೂಸುವುದಿಲ್ಲ. ಅದನ್ನು ಬರಿಗೈಯಲ್ಲಿ ಹಿಡಿದು ಕಸಿ ಕಟ್ಟಬಹುದು.

ಕಿರಣ ಗಿಡದೊಳಗೆ ಮಾಡುವುದೇನು

ಎಕ್ಸ್-ಕಿರಣದಿಂದ ಆನುವಂಶಿಕ ಬದಲಾವಣೆಯಾಗುತ್ತದೆ ಎಂಬುದನ್ನು ಹಣ್ಣಿನ ನೊಣದಲ್ಲಿ ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದರು. ಮರುವರ್ಷ ಲೂಯಿಸ್ ಸ್ಟ್ಯಾಡ್ಲರ್ ಬಾರ್ಲಿಯಲ್ಲಿ ಅದನ್ನೇ ತೋರಿಸಿದರು. ಕಿರಣವು ಜೀವಕೋಶದೊಳಗಿನ ನೀರನ್ನು ಒಡೆದು ಅತಿ ಚುರುಕಾದ ಅಣುತುಣುಕುಗಳನ್ನು ಹುಟ್ಟಿಸುತ್ತದೆ. ಅವು, ಮತ್ತು ನೇರವಾಗಿ ಕಿರಣವೇ, ಡಿಎನ್‌ಎಯ ಎಳೆಗಳನ್ನು ಕತ್ತರಿಸುತ್ತವೆ. ಕೋಶವು ಹೆಚ್ಚಿನ ತುಂಡುಗಳನ್ನು ಸರಿಯಾಗಿಯೇ ಜೋಡಿಸಿಕೊಳ್ಳುತ್ತದೆ. ಕೆಲವನ್ನು ತಪ್ಪಾಗಿ ಜೋಡಿಸುತ್ತದೆ: ಒಂದು ವರ್ಣತಂತುವಿನ ತುಂಡು ಇನ್ನೊಂದಕ್ಕೆ ಅಂಟುತ್ತದೆ, ಒಂದು ಭಾಗ ತಿರುಗಿ ಕೂರುತ್ತದೆ, ಒಂದು ಭಾಗ ಕಳೆದೇ ಹೋಗುತ್ತದೆ. ಲಿಂಬೆ ಜಾತಿಯಲ್ಲಿ ಬೀಜವಿಲ್ಲದ ಉತ್ಪರಿವರ್ತಿತಗಳು ಸಿಗುವುದಕ್ಕೆ ಇಂಥ ತಪ್ಪು ಜೋಡಣೆಯೇ ಮುಖ್ಯ ಕಾರಣ. ಹೂವಿನಲ್ಲಿ ವರ್ಣತಂತುಗಳು ಜೊತೆಗೂಡಿ ಬೇರ್ಪಡುವ ಹೊತ್ತಿನಲ್ಲಿ ಹೊಂದಾಣಿಕೆ ತಪ್ಪಿ, ಪರಾಗವೂ ಅಂಡಕವೂ ಬಂಜೆಯಾಗುತ್ತವೆ. ಹಣ್ಣು ಮಾತ್ರ ಬೆಳೆಯುತ್ತದೆ.

ನಿಸರ್ಗದಲ್ಲಿಯೂ ಇದು ನಡೆಯುತ್ತಲೇ ಇರುತ್ತದೆ. ಹೊಕ್ಕುಳು ಕಿತ್ತಳೆ ಬ್ರೆಜಿಲ್‌ನ ಬಹಿಯಾದಲ್ಲಿ ಮರವೊಂದರ ಕೊಂಬೆಯಲ್ಲಿ ತಾನಾಗಿ ಹುಟ್ಟಿದ ಬದಲಾವಣೆ. ಅಲ್ಲಿಂದ ಹೊರಟ ಕಸಿಗಳು 1873ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಸೇರಿ ಅಲ್ಲಿನ ಹಣ್ಣಿನ ಉದ್ಯಮಕ್ಕೆ ತಳಹದಿಯಾದವು. ವಿಕಿರಣವು ಈ ಅಪರೂಪದ ಘಟನೆಯ ಸಂಖ್ಯೆಯನ್ನು ಹೆಚ್ಚಿಸುತ್ತದೆಯೇ ಹೊರತು ನಮಗೆ ಬೇಕಾದ ಗುಣವನ್ನು ಆರಿಸಿ ಕೊಡುವುದಿಲ್ಲ.

ಒಳ್ಳೆಯ ಗುಣದ ಜೊತೆಗೆ ಕೆಟ್ಟದ್ದೂ ಅಂಟಿಕೊಂಡು ಬರಬಹುದೆಂಬುದಕ್ಕೆ ಸ್ಟಾರ್ ರೂಬಿ ಎಂಬ ಗ್ರೇಪ್‌ಫ್ರೂಟ್ ತಳಿಗಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಟೆಕ್ಸಾಸ್‌ನ ರಿಚರ್ಡ್ ಹೆನ್ಸ್ ಅವರು ಹಡ್ಸನ್ ಎಂಬ, ಮೈತುಂಬ ಬೀಜವಿರುವ ತಳಿಯ ಬೀಜಗಳನ್ನು 1959ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನ್ಯೂಟ್ರಾನ್‌ಗಳಿಗೆ ಒಡ್ಡಿಸಿದರು. ಅದರಿಂದ ಬಂದ ಸ್ಟಾರ್ ರೂಬಿ 1970ರಲ್ಲಿ ಬಿಡುಗಡೆಯಾಯಿತು. ಬೀಜ ಇಲ್ಲವೆನ್ನುವಷ್ಟು ಕಡಿಮೆ, ತಿರುಳು ಕಡುಕೆಂಪು. ಆದರೆ ಮರ ಸೂಕ್ಷ್ಮ: ಎಲೆಗಳು ಬಿಳಿಚಿಕೊಳ್ಳುವ ಸ್ವಭಾವದವು, ಕಳೆನಾಶಕ ತಾಗಿದರೆ ಬೇಗ ಹಾನಿಗೊಳ್ಳುವಂಥವು, ಬುಡಕೊಳೆಗೂ ಸುಲಭದ ತುತ್ತು. ಅದೇ ಹೆನ್ಸ್ ಅವರ ಮುಂದಿನ ಕೆಲಸದಿಂದ, ಈ ಸಲ ಬೀಜದ ಬದಲು ಕಣ್ಣುಕಡ್ಡಿಯನ್ನು ಕಿರಣಕ್ಕೆ ಒಡ್ಡಿ ಪಡೆದ ರಿಯೋ ರೆಡ್, 1984ರಲ್ಲಿ ಹೊರಬಂದು ಹೆಚ್ಚು ಚೈತನ್ಯದ ಮರವೆನಿಸಿತು. ಹಣ್ಣಿನ ಬಣ್ಣವನ್ನಷ್ಟೇ ನೋಡಿ ಆರಿಸಿದವರು ಎಲೆಯ ಹಸಿರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಈ ಎರಡು ತಳಿಗಳನ್ನು ಅಕ್ಕಪಕ್ಕ ಇಟ್ಟು ಕಲಿಯಬಹುದು.

ಬೀಜವೋ ಕಣ್ಣೋ

ನಮ್ಮ ಕಡೆಯ ಕಾಗದಿ ಲಿಂಬೆಯ ಒಂದು ಬೀಜದೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಅಂಗಾಂಶದಿಂದಲೇ ಹುಟ್ಟಿದ ಪಡಿಯಚ್ಚುಗಳು. ಚಕ್ಕೋತ ಮತ್ತು ಮಾದಲದ ಬೀಜದಲ್ಲಿ ಹಾಗಲ್ಲ, ಒಂದೇ ಭ್ರೂಣ, ಅದೂ ತಂದೆ-ತಾಯಿ ಇಬ್ಬರ ಮಿಶ್ರಣ. ಹೀಗಾಗಿ ಚಕ್ಕೋತದ ಬೀಜಕ್ಕೆ ಕಿರಣ ಕೊಟ್ಟು ಬೆಳೆಸಿದ ಸಸಿಗಳಲ್ಲಿ ವ್ಯತ್ಯಾಸ ಕಂಡರೆ ಅದು ಕಿರಣದಿಂದ ಬಂದದ್ದೋ ಪರಾಗದಿಂದ ಬಂದದ್ದೋ ಹೇಳಲಾಗುವುದಿಲ್ಲ. ಬೀಜದ ಗಿಡ ಹಣ್ಣು ಬಿಡಲು ಹಲವು ವರ್ಷ ಕಾಯಿಸುತ್ತದೆ, ಮುಳ್ಳಂತೂ ಸಮೃದ್ಧ. ಕಣ್ಣು ಕಸಿಯ ಗಿಡವಾದರೆ ಮೂರು-ನಾಲ್ಕು ವರ್ಷಗಳಲ್ಲಿ ಹಣ್ಣು ತೋರಿಸುತ್ತದೆ. ಆದ್ದರಿಂದ ಕಣ್ಣುಕಡ್ಡಿಯ ದಾರಿಯನ್ನೇ ಹಿಡಿಯಿರಿ.

ತಾಯಿಮರದ ಆಯ್ಕೆಯಲ್ಲಿ ಇಳುವರಿಗಿಂತ ಮೊದಲು ನೋಡಬೇಕಾದದ್ದು ರೋಗ. ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾ ಮತ್ತು ಟ್ರಿಸ್ಟೆಜಾ ವೈರಸ್ ಎರಡೂ ಕಣ್ಣಿನ ಮೂಲಕ ಮುಂದಿನ ಗಿಡಕ್ಕೆ ಹೋಗುತ್ತವೆ. ಎಳೆಯ ಲಿಂಬೆ ಎಲೆಯನ್ನು ಬೆಳಕಿಗೆ ಹಿಡಿದಾಗ ನರಗಳ ಮೇಲೆ ಚುಕ್ಕಿಚುಕ್ಕಿಯಾಗಿ ಪಾರದರ್ಶಕ ಗೆರೆ ಕಂಡರೆ ಟ್ರಿಸ್ಟೆಜಾದ ಅನುಮಾನ ಪಡಬೇಕು. ಕಾಗದಿ ಲಿಂಬೆಯು ಈ ವೈರಸ್ಸಿಗೆ ಎಷ್ಟು ಬೇಗ ಲಕ್ಷಣ ತೋರಿಸುತ್ತದೆಂದರೆ ಪತ್ತೆಗಾಗಿ ಅದನ್ನೇ ಸೂಚಕ ಗಿಡವಾಗಿ ಬಳಸುತ್ತಾರೆ. ತಾಯಿಮರದ ಎಲೆಯನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿ ನಿರೋಗಿ ಎಂದು ಖಚಿತಪಡಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಬೇಡಿ. ಈ ಖರ್ಚು ಉಳಿಸಿದವರು ಮೂರು ವರ್ಷದ ಬಳಿಕ ರೋಗವನ್ನೇ ಉತ್ಪರಿವರ್ತನೆ ಎಂದು ಪೋಷಿಸುತ್ತಿರುತ್ತಾರೆ.

ಕಡ್ಡಿ ಪೆನ್ಸಿಲ್ ದಪ್ಪದ್ದಾಗಿ, ಬಲಿತು ದುಂಡಗಾಗಿರಬೇಕು. ಮೂಲೆಮೂಲೆಯಾದ ಎಳೆಯ ಕಡ್ಡಿ ಬೇಡ. ಎಲೆಯ ಹಾಳೆಯನ್ನು ಕತ್ತರಿಸಿ ತೊಟ್ಟಿನ ಚೂರನ್ನು ಉಳಿಸಿ, ಎರಡೂ ತುದಿಗಳಿಗೆ ಕರಗಿದ ಮೇಣ ಮುಟ್ಟಿಸಿ, ಒದ್ದೆ ಮಾಡಿ ಹಿಂಡಿದ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಕಿರಣದ ಆಕರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇರುವ ಸಂಸ್ಥೆಗಳಲ್ಲಿ ಮಾತ್ರ ಇರುತ್ತವೆ. ನಮ್ಮ ದೇಶದಲ್ಲಿ ಈ ವಿದ್ಯೆಯ ಹಳೆಯ ಮನೆ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಅಲ್ಲಿಂದ ಹೊರಬಂದ ಶೇಂಗಾ ತಳಿಗಳನ್ನು ಬಯಲುಸೀಮೆಯ ರೈತರು ಬಲ್ಲರು. ಖಾಸಗಿ ವ್ಯಕ್ತಿ ತಾನೇ ಕಡ್ಡಿ ಹೊತ್ತು ಹೋಗುವುದಕ್ಕಿಂತ ಶಿರಸಿಯ ತೋಟಗಾರಿಕೆ ಕಾಲೇಜಿನಂಥ ಶಿಕ್ಷಣ ಸಂಸ್ಥೆಯ ಮೂಲಕ ಕೇಳುವುದು ಸರಿಯಾದ ಕ್ರಮ.

ಕಡ್ಡಿಯ ಕಟ್ಟು ಕಾರವಾರದಲ್ಲಿಯೋ ಕುಮಟಾದಲ್ಲಿಯೋ ರೈಲು ಹತ್ತುವಾಗ ಅದರ ಜೊತೆಗೆ ಇನ್ನೊಂದು ಕಟ್ಟೂ ಹೋಗಬೇಕು. ಅದೇ ಮರದ, ಅದೇ ದಿನ ಕೊಯ್ದ, ಕಿರಣಕ್ಕೆ ಒಡ್ಡದೆ ಹಾಗೆಯೇ ಹಿಂದಕ್ಕೆ ತರುವ ಹೋಲಿಕೆಯ ಕಡ್ಡಿಗಳು ಅವು. ಪ್ರಯಾಣದ ಸೆಕೆ ಮತ್ತು ದಣಿವು ಎರಡೂ ಕಟ್ಟುಗಳಿಗೆ ಸಮನಾಗಿರದಿದ್ದರೆ ಮುಂದೆ ಮಾಡುವ ಲೆಕ್ಕವೆಲ್ಲ ಹುಸಿ. ಮನೆಯಲ್ಲಿ ತಣ್ಣಗೆ ಇಟ್ಟ ಕಡ್ಡಿಯೊಂದಿಗೆ ಮುಂಬೈಗೆ ಹೋಗಿ ಬಂದ ಕಡ್ಡಿಯನ್ನು ಹೋಲಿಸಿ, ಸಾವಿನ ಪಾಲನ್ನೆಲ್ಲ ಕಿರಣದ ಲೆಕ್ಕಕ್ಕೆ ಬರೆದ ಕಡತಗಳನ್ನು ನಾನು ನೋಡಿದ್ದೇನೆ.

ಎಷ್ಟು ಕೊಡಬೇಕು

ಮೊದಲ ವರ್ಷ ಗುಣ ಹುಡುಕುವ ಆಸೆಯನ್ನು ಬದಿಗಿಟ್ಟು ಪ್ರಮಾಣವನ್ನಷ್ಟೇ ಗೊತ್ತುಮಾಡಿಕೊಳ್ಳಬೇಕು. ಸೊನ್ನೆ, 20, 30, 40, 50, 60 ಗ್ರೇ ಹೀಗೆ ಆರು ಗುಂಪು ಮಾಡಿ, ಗುಂಪಿಗೆ ಕನಿಷ್ಠ ಮೂವತ್ತು ಕಣ್ಣುಗಳನ್ನು ಕಟ್ಟಿ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಅಂದರೆ ಐದು ವರ್ಷದ ಹಿಂದೆ ಹತ್ತು ನಿಮಿಷಕ್ಕೆ ಸಿಗುತ್ತಿದ್ದ ಪ್ರಮಾಣಕ್ಕೆ ಅದೇ ಆಕರದಲ್ಲಿ ಈಗ ಹತ್ತಿರಹತ್ತಿರ ಇಪ್ಪತ್ತು ನಿಮಿಷ ಬೇಕು. ಹಾಗಾಗಿ ಹಳೆಯ ವರದಿಯಲ್ಲಿನ ನಿಮಿಷಗಳನ್ನು ಕೇಳಬೇಡಿ, ಗ್ರೇ ಎಷ್ಟು ಎಂದು ಬರೆಸಿಕೊಳ್ಳಿ.

ಕಣ್ಣು ಕಟ್ಟಿಸಿಕೊಳ್ಳುವ ಬೇರುಸಸಿಗಳು ಒಂದು ವರ್ಷ ಮೊದಲೇ ಸಿದ್ಧವಿರಬೇಕು. ಜಂಬೇರಿ ಬೇಗ ಬೆಳೆಯುತ್ತದೆ, ಆದರೆ ನೀರು ನಿಂತರೆ ಬೇರು ಕೊಳೆಯುತ್ತದೆ; ರಂಗಪುರ ಲಿಂಬೆಯೂ ಚಾಲ್ತಿಯಲ್ಲಿದೆ. ಯಾವುದನ್ನೇ ಆರಿಸಿದರೂ ಇಡೀ ಪ್ರಯೋಗಕ್ಕೆ ಒಂದೇ ಜಾತಿಯ, ಒಂದೇ ವಯಸ್ಸಿನ ಸಸಿಗಳಿರಲಿ. ಮಣ್ಣಿನಿಂದ ಯಾವ ಪೋಷಕಾಂಶ ಎಷ್ಟು ಮೇಲೇರುತ್ತದೆ ಎಂಬುದರಲ್ಲಿ ಬೇರುಸಸಿಯ ಪಾತ್ರ ದೊಡ್ಡದು. ಎರಡು ಜಾತಿಗಳನ್ನು ಬೆರೆಸಿದರೆ ಬೇರಿನ ವ್ಯತ್ಯಾಸವೇ ಕಣ್ಣಿನ ವ್ಯತ್ಯಾಸದಂತೆ ಕಾಣುತ್ತದೆ. ಮಳೆಗಾಲ ಕಳೆದು ತೊಗಟೆ ಸಲೀಸಾಗಿ ಬಿಡುವ ಅಕ್ಟೋಬರ್-ನವೆಂಬರ್ ನಮ್ಮ ಕಡೆ ಅನುಕೂಲದ ಕಾಲ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಕಣ್ಣು ಕಟ್ಟಿದರೆ ಮುಂದಿನ ಮಳೆಗಾಲದಲ್ಲಿ ಮಣ್ಣು ಸಿಡಿದು ಕಸಿಯ ಗಾಯಕ್ಕೆ ತಾಗುವುದು ತಪ್ಪುತ್ತದೆ. ಕಣ್ಣು ಹಿಡಿದ ಮೇಲೆ ಬೇರುಸಸಿಯ ತಲೆಯನ್ನು ಒಮ್ಮೆಲೇ ಕತ್ತರಿಸುವ ವಾಡಿಕೆಯನ್ನು ಇಲ್ಲಿ ಬಿಡಬೇಕು. ತಲೆಯನ್ನು ಬಾಗಿಸಿ ಕಟ್ಟಿ, ಅದರ ಎಲೆಗಳು ತಯಾರಿಸುವ ಆಹಾರ ಹೊಸ ಚಿಗುರಿಗೆ ಹರಿಯುವಂತೆ ಮಾಡಿ. ಕಿರಣದ ಪೆಟ್ಟು ತಿಂದ ಕಣ್ಣು ನಿಧಾನವಾಗಿ ಏಳುತ್ತದೆ, ಅದಕ್ಕೆ ಈ ಆಸರೆ ಬೇಕು.

ಮೂವತ್ತನೆಯ, ಅರವತ್ತನೆಯ ಮತ್ತು ತೊಂಬತ್ತನೆಯ ದಿನ ಎಷ್ಟು ಕಣ್ಣು ಚಿಗುರಿವೆ ಎಂದು ಎಣಿಸಿ. ತೊಂಬತ್ತನೆಯ ದಿನ ಚಿಗುರಿನ ಉದ್ದ, ಎಲೆಗಳ ಸಂಖ್ಯೆ ಮತ್ತು ಗೆಣ್ಣಿನ ಅಂತರ ಅಳೆಯಿರಿ. ಎಲ್ಲವನ್ನೂ ಹೋಲಿಕೆಯ ಗುಂಪಿನ ಶೇಕಡಾವಾರಿನಲ್ಲಿ ಬರೆಯಬೇಕು. ಹೋಲಿಕೆಯ ಮೂವತ್ತರಲ್ಲಿ 24 ಚಿಗುರಿ, 40 ಗ್ರೇ ಗುಂಪಿನಲ್ಲಿ 12 ಚಿಗುರಿದವೆಂದುಕೊಳ್ಳಿ. ಆಗ ಉಳಿವು 12ನ್ನು ಮೂವತ್ತರಿಂದ ಭಾಗಿಸಿದ 40 ಅಲ್ಲ, 24ರಿಂದ ಭಾಗಿಸಿದ ಶೇ. 50. ಅರ್ಧದಷ್ಟು ಸಾಯುವ ಆ ಪ್ರಮಾಣಕ್ಕಿಂತ ಸ್ವಲ್ಪ ಕೆಳಗಿನದನ್ನು ಮುಖ್ಯ ಪ್ರಯೋಗಕ್ಕೆ ಆರಿಸುವುದು ರೂಢಿ. ಮುಖ್ಯ ಪ್ರಯೋಗಕ್ಕೆ ನೂರಾರು ಕಣ್ಣುಗಳು ಬೇಕು. ಐವತ್ತು ಕಣ್ಣು ಕಟ್ಟಿ ಬೀಜರಹಿತ ಲಿಂಬೆಗಾಗಿ ಕಾಯುವುದು ಲಾಟರಿಯ ಒಂದೇ ಚೀಟಿ ಕೊಂಡಂತೆ.

ಮೊದಲ ಚಿಗುರಿನಲ್ಲಿ ಕಾಣುವ ಹಲವು ವಿಕಾರಗಳು ಬರೀ ಗಾಯದ ಗುರುತುಗಳು. ಎಲೆ ದಪ್ಪವಾಗುವುದು, ತುದಿ ಸೀಳುವುದು, ಒಂದು ಬದಿ ಕುಗ್ಗುವುದು, ಬಿಳಿ ತೇಪೆ ಬೀಳುವುದು, ಗಿಡ ಗಿಡ್ಡವಾಗಿ ನಿಲ್ಲುವುದು ಎಲ್ಲವೂ ಬರಬಹುದು, ಮತ್ತು ಮುಂದಿನ ಎರಡು-ಮೂರು ಚಿಗುರುಗಳಲ್ಲಿ ಬಹಳಷ್ಟು ಮಾಯವಾಗಬಹುದು. ಈ ಹಂತದಲ್ಲಿ ಯಾವ ಗಿಡವನ್ನೂ ‘ಕುಬ್ಜ’ ಎಂದು ಬರೆಯಬೇಡಿ; ಒಂದು ವರ್ಷದ ಬಳಿಕ ಅದೇ ಗಿಡ ಉಳಿದವನ್ನು ಹಿಂದೆ ಹಾಕಿದರೂ ಆಶ್ಚರ್ಯವಿಲ್ಲ.

ಉಳಿದು ಬರುವ ಬದಲಾವಣೆಯದ್ದು ಬೇರೆ ತೊಡಕು. ಒಂದು ಕಣ್ಣಿನಲ್ಲಿ ಅನೇಕ ಕೋಶಗಳಿವೆ, ಕಿರಣ ಅವುಗಳಲ್ಲಿ ಒಂದನ್ನೋ ಎರಡನ್ನೋ ಮಾತ್ರ ಬದಲಿಸಿರುತ್ತದೆ. ಆದ್ದರಿಂದ ಮೊದಲ ಚಿಗುರು ಹಳೆಯ ಮತ್ತು ಹೊಸ ಅಂಗಾಂಶಗಳ ಕಲಬೆರಕೆ, ಕೌದಿಯ ಹಾಗೆ. ಬದಲಾದ ಕೋಶ ಚಿಗುರಿನ ಒಂದು ಬದಿಗಷ್ಟೇ ಇದ್ದರೆ ಆ ಬದಿಯ ಕಣ್ಣುಗಳಲ್ಲಿ ಮಾತ್ರ ಗುಣ ಇಳಿಯುತ್ತದೆ. ಇದನ್ನು ಬಿಡಿಸಲು ಇರುವ ಉಪಾಯ, ಚಿಗುರಿನ ಒಂದೊಂದು ಕಣ್ಣನ್ನೂ ಪ್ರತ್ಯೇಕ ಬೇರುಸಸಿಗೆ ಕಟ್ಟಿ ಎರಡನೆಯ ತಲೆಮಾರನ್ನು ಪಡೆಯುವುದು, ಅದರಿಂದ ಮೂರನೆಯದನ್ನು, ಸಾಧ್ಯವಾದರೆ ನಾಲ್ಕನೆಯದನ್ನು. ಪ್ರತಿ ಗಿಡಕ್ಕೂ ಪ್ರಮಾಣ, ಮೂಲ ಕಣ್ಣಿನ ಸಂಖ್ಯೆ, ಚಿಗುರಿನ ಮೇಲೆ ಬುಡದಿಂದ ಎಷ್ಟನೆಯ ಕಣ್ಣು ಎಂಬುದನ್ನು ಅಲ್ಯುಮಿನಿಯಂ ಪಟ್ಟಿಯ ಮೇಲೆ ಕೊರೆದು ತೂಗಿಸಿ. ಶಾಯಿಯ ಬರಹ ನಮ್ಮ ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಹಳದಿ ಎಲೆಯನ್ನು ಓದುವುದು

ಈಗ ನಿಜವಾದ ಕಷ್ಟಕ್ಕೆ ಬರೋಣ. ಘಟ್ಟದ ಮೇಲೆಯೂ ಕೆಳಗೂ ನಮ್ಮ ನೆಲ ಬಹುಪಾಲು ಜಂಬಿಟ್ಟಿಗೆ ಮಣ್ಣಿನದು. ಸುರಿಯುವ ಮಳೆ ಪೊಟ್ಯಾಷ್, ಮೆಗ್ನೀಸಿಯಂ, ಸುಣ್ಣ, ಬೋರಾನ್‌ಗಳನ್ನು ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುತ್ತದೆ. ಇಂಥ ನೆಲದಲ್ಲಿ ಸಾಮಾನ್ಯ ಲಿಂಬೆ ಗಿಡವೇ ಉತ್ಪರಿವರ್ತಿತದ ಹಾಗೆ ಕಾಣುತ್ತದೆ. ಸತುವಿನ ಕೊರತೆಯನ್ನು ನೋಡಿ: ಎಳೆಯ ಎಲೆಗಳು ಸಣ್ಣಗೆ, ಕಿರಿದಾಗಿ, ನೆಟ್ಟಗೆ ನಿಲ್ಲುತ್ತವೆ, ಗೆಣ್ಣುಗಳು ಹತ್ತಿರವಾಗುತ್ತವೆ, ನರಗಳ ನಡುವೆ ಹಳದಿ ತೇಪೆ ಬೀಳುತ್ತದೆ. ಕುಬ್ಜ ಉತ್ಪರಿವರ್ತಿತವನ್ನು ವರ್ಣಿಸಲು ಹೊರಟರೂ ಇದೇ ಪದಗಳು ಬೇಕಾಗುತ್ತವೆ. ಮ್ಯಾಂಗನೀಸ್ ಕೊರತೆಯಲ್ಲಿಯೂ ಇದೇ ತೇಪೆ, ಆದರೆ ಎಲೆಯ ಗಾತ್ರ ಕುಗ್ಗುವುದಿಲ್ಲ. ಮೆಗ್ನೀಸಿಯಂ ಕೊರತೆ ಹಳೆಯ ಎಲೆಯಲ್ಲಿ ಮೊದಲು ಕಾಣುತ್ತದೆ. ಅಂಚು ಹಳದಿಯಾಗಿ, ತೊಟ್ಟಿನ ಬಳಿ ಹಸಿರಿನ ಒಂದು ತ್ರಿಕೋನ ಮಾತ್ರ ಉಳಿಯುತ್ತದೆ. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆ ಇಡಿಯಾಗಿ ಒಂದೇ ಸಮನೆ ಪೇಲವವಾಗುತ್ತದೆ.

ಕಬ್ಬಿಣದ ಕೊರತೆಯ ಕಥೆ ನಮ್ಮ ಅಡಿಕೆ ಸೀಮೆಗೇ ವಿಶೇಷವಾದದ್ದು. ಎಳೆಯ ಎಲೆ ಬಿಳಿಹಳದಿಯಾಗಿ ಅದರ ಮೇಲೆ ಹಸಿರು ನರಗಳು ಬಲೆಯಂತೆ ಕಂಡರೆ ಅದು ಕಬ್ಬಿಣದ ಕೊರತೆ. ಹುಳಿ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಹಾಗಿದ್ದೂ ಈ ಲಕ್ಷಣ ಬರುವುದಕ್ಕೆ ಒಂದು ಕಾರಣ ನಿಂತ ನೀರಿನಿಂದ ಕೊಳೆತ ಬೇರು, ಇನ್ನೊಂದು ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಹೋಗುತ್ತದೆ, ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ಮಳೆಗೆ ಅದು ಸುಲಭವಾಗಿ ಕೊಚ್ಚಿಹೋಗದೆ ಮೇಲ್ಮಣ್ಣಿನಲ್ಲಿಯೇ ಕೂರುತ್ತದೆ. ತಲೆಮಾರುಗಳಿಂದ ಮದ್ದು ಹೊಡೆದ ತೋಟದಲ್ಲಿ ತಾಮ್ರ ಮಿತಿಮೀರಿದರೆ ಲಿಂಬೆಯ ಬೇರು ಕುಗ್ಗಿ ಕಬ್ಬಿಣವನ್ನು ಹೀರಲಾರದೆ ಹೋಗುತ್ತದೆ. ನನ್ನ ಹಿತ್ತಲಿನ ಗಿಡವೊಂದರ ಬಿಳಿಚಿದ ಕೊಂಬೆಯನ್ನು ಎರಡು ವರ್ಷ ‘ತಾನಾಗಿ ಹುಟ್ಟಿದ ಉತ್ಪರಿವರ್ತನೆ’ ಎಂದು ಜೋಪಾನ ಮಾಡಿ, ಅದರ ಕಣ್ಣನ್ನು ಹೊಸ ಮಣ್ಣಿನ ಕುಂಡದ ಸಸಿಗೆ ಕಟ್ಟಿದಾಗ ಅಚ್ಚಹಸಿರು ಎಲೆ ಬಂದದ್ದನ್ನು ಕಂಡು ನಾನು ನಕ್ಕದ್ದುಂಟು. ಆ ಕೊಂಬೆಯ ಕೆಳಗಿನ ಬೇರುಗಳು ಮೈಲುತುತ್ತ ಕಲಸುವ ಪೀಪಾಯಿ ಇಡುವ ಜಾಗದಲ್ಲಿದ್ದವು. ಅಡಿಕೆ ತೋಟದೊಳಗೆ ಅಥವಾ ಅದರ ಮದ್ದಿನ ಹನಿ ಬೀಳುವಲ್ಲಿ ಪ್ರಯೋಗದ ಗಿಡಗಳನ್ನು ನೆಡಬಾರದೆಂಬುದು ಅಂದಿನಿಂದ ನನ್ನ ನಿಯಮ.

ಉತ್ಪರಿವರ್ತನೆಯ ಹಳದಿಗೆ ಒಂದು ಲಕ್ಷಣವಿದೆ. ಅದು ಕೊಂಬೆಯ ಒಂದು ಪಟ್ಟಿಯನ್ನು ಅನುಸರಿಸುತ್ತದೆ: ಆ ಬದಿಗೆ ಹುಟ್ಟುವ ಎಲೆಗಳಲ್ಲೆಲ್ಲ ಕಾಣಿಸುತ್ತದೆ, ಹಸಿರು ಮತ್ತು ಬಿಳಿಯ ಗಡಿ ಕತ್ತರಿಸಿದಂತೆ ಚೂಪಾಗಿರುತ್ತದೆ, ಚಿಗುರಿನಿಂದ ಚಿಗುರಿಗೆ ಮರಳಿ ಬರುತ್ತದೆ. ಕೊರತೆಯ ಹಳದಿ ಎಲೆಯ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ, ಗಡಿ ಮಸುಕು. ಗ್ರೀನಿಂಗ್ ರೋಗ ಇವೆರಡರ ನಡುವೆ ಬಂದು ಕೂರುತ್ತದೆ. ಅದರ ತೇಪೆ ನಡುನರದ ಎರಡು ಬದಿಗಳಲ್ಲಿ ಸಮನಾಗಿರುವುದಿಲ್ಲ, ಮೊದಲಿಗೆ ಒಂದೇ ಕೊಂಬೆಯಲ್ಲಿ ಕಾಣುತ್ತದೆ, ಮತ್ತು ಕಣ್ಣಿನ ಮೂಲಕ ಮುಂದಿನ ಗಿಡಕ್ಕೂ ಹೋಗುತ್ತದೆ. ‘ಕಸಿಯಲ್ಲಿ ಇಳಿದು ಬಂದರೆ ಉತ್ಪರಿವರ್ತನೆ’ ಎಂಬ ಸುಲಭ ಸೂತ್ರ ಮುರಿಯುವುದು ಇಲ್ಲಿಯೇ. ಆದರೆ ಉತ್ಪರಿವರ್ತನೆ ತಾನು ಹುಟ್ಟಿದ ಅಂಗಾಂಶದ ಗೆರೆ ದಾಟಿ ಬೇರುಸಸಿಯೊಳಗೆ ಹೋಗಲಾರದು, ರೋಗ ಹೋಗುತ್ತದೆ. ಆದ್ದರಿಂದ ಕಸಿಯ ಕೆಳಗೆ ಬೇರುಸಸಿಯ ಒಂದು ಚಿಗುರನ್ನು ಬೆಳೆಯಲು ಬಿಟ್ಟು ಅದರ ಎಲೆಯನ್ನು ಗಮನಿಸಿ, ಸಂಶಯ ಉಳಿದರೆ ಎರಡೂ ಎಲೆಗಳನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿ. ರೋಗವೆಂದು ತಿಳಿದ ಗಿಡವನ್ನು ಬೇರುಸಹಿತ ಕಿತ್ತು ಸುಡುವುದಲ್ಲದೆ ಬೇರೆ ಮಾರ್ಗವಿಲ್ಲ.

ಸಮನಾಗಿ ಉಣಿಸುವುದು

ಹೊಟ್ಟೆ ತುಂಬಿದ ಗಿಡದ ಗುಣವನ್ನಷ್ಟೇ ನಂಬಬಹುದು. ಆದ್ದರಿಂದ ಆಯ್ಕೆಗೆ ಮೊದಲು ಎಲ್ಲ ಗಿಡಗಳಿಗೂ, ಹೋಲಿಕೆಯ ಗಿಡಗಳಿಗೂ ಸೇರಿಸಿ, ಕೊರತೆ ಇಲ್ಲದಂತೆ ಉಣಿಸಬೇಕು. ಮಣ್ಣಿನ ರಸಸಾರವನ್ನು (ಪಿಎಚ್) 6ರ ಆಸುಪಾಸಿಗೆ ತರುವುದು ಮೊದಲ ಕೆಲಸ. ಅಘನಾಶಿನಿಯ ಕಡೆಯಿಂದ ಬರುವ ಚಿಪ್ಪಿನ ಸುಣ್ಣ ಅಗ್ಗವೂ ಒಳ್ಳೆಯದೂ ಹೌದು, ಆದರೆ ಅದರಲ್ಲಿ ಮೆಗ್ನೀಸಿಯಂ ಹೆಸರಿಗಷ್ಟೇ ಇರುತ್ತದೆ. ಡೋಲೊಮೈಟ್‌ನಲ್ಲಿ ಎರಡೂ ಇವೆ. ವರ್ಷದಿಂದ ವರ್ಷಕ್ಕೆ ಚಿಪ್ಪಿನ ಸುಣ್ಣವನ್ನೇ ಹಾಕಿ, ಮೇಲಿಂದ ಪೊಟ್ಯಾಷ್ ಹೆಚ್ಚಿಸಿದರೆ ಮೆಗ್ನೀಸಿಯಂ ಕೊರತೆಯನ್ನು ನಾವೇ ಕರೆದು ತಂದಂತೆ. ರಾಸಾಯನಿಕ ಗೊಬ್ಬರವನ್ನು ಭಾರಿ ಮಳೆಯ ಜೂನ್-ಜುಲೈ ಬಿಟ್ಟು ಮಳೆಗಾಲದ ಮುಂಚೆ ಮತ್ತು ಅನಂತರ ಸಣ್ಣ ಕಂತುಗಳಲ್ಲಿ ಕೊಡಿ. ಬೆಟ್ಟದ ದರಕಿನ (ಒಣ ಎಲೆಯ) ಹೊದಿಕೆ ಬೇಸಿಗೆಯಲ್ಲಿ ಚೆನ್ನ. ಮಳೆಗಾಲದಲ್ಲಿ ಅದನ್ನು ಕಾಂಡದಿಂದ ದೂರ ಸರಿಸದಿದ್ದರೆ ಬುಡ ಕೊಳೆಯುತ್ತದೆ. ಸತುವನ್ನು ಎಲೆಗೇ ಸಿಂಪಡಿಸುವುದು ಲೇಸು: ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಅರಳಿದ ಸುಣ್ಣ, ಹೊಸ ಚಿಗುರು ಮುಕ್ಕಾಲು ಬಲಿತಾಗ.

ಇದನ್ನೇ ಪರೀಕ್ಷೆಯನ್ನಾಗಿಯೂ ಬಳಸಬಹುದು. ಅನುಮಾನದ ಗಿಡದ ಪಡಿಯಚ್ಚುಗಳಲ್ಲಿ ಅರ್ಧಕ್ಕೆ ಸತುವಿನ ದ್ರಾವಣ, ಅರ್ಧಕ್ಕೆ ಬರೀ ನೀರು ಸಿಂಪಡಿಸಿ. ಸತು ಹಳೆಯ ಎಲೆಯಿಂದ ಹೊಸ ಎಲೆಗೆ ಸರಿಯಾಗಿ ಸಾಗುವುದಿಲ್ಲವಾದ್ದರಿಂದ ಉತ್ತರ ಸಿಗುವುದು ದ್ರಾವಣ ಬಿದ್ದ ಎಲೆಗಳಲ್ಲಿ, ಅವು ಬಲಿತ ಮೇಲೆ. ಎರಡು ಸಲ ಸಿಂಪಡಿಸಿಯೂ ಎಲೆ ಕಿರಿದಾಗಿಯೇ ಬಂದರೆ, ಮತ್ತು ಪಕ್ಕದ ಹೋಲಿಕೆಯ ಗಿಡ ಅದೇ ಉಪಚಾರದಲ್ಲಿ ಅಗಲ ಎಲೆ ತಳೆದರೆ, ಆಗ ಉತ್ಪರಿವರ್ತನೆ ಎಂಬ ಪದವನ್ನು ಪೆನ್ಸಿಲ್ಲಿನಲ್ಲಿ ಬರೆಯಬಹುದು.

ಪ್ರಯೋಗಾಲಯದ ಎಲೆ ವಿಶ್ಲೇಷಣೆಗೆ ವಸಂತದ ಚಿಗುರಿನ, 4ರಿಂದ 6 ತಿಂಗಳು ಬಲಿತ, ಹಣ್ಣಿಲ್ಲದ ಕಡ್ಡಿಯ ಎಲೆಗಳನ್ನು ತೆಗೆಯುವುದು ನಿಯಮ. ನಮ್ಮಲ್ಲಿ ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಮಳೆ ಹೊಳವಾದ ದಿನ ನೋಡಿ, ಎಲ್ಲ ಗಿಡಗಳ ಎಲೆಗಳನ್ನೂ ಅದೇ ದಿನ ಕೊಯ್ದು, ತೊಳೆದು ಒಣಗಿಸಿ ಕಳಿಸಿ. ಬೋರ್ಡೋ ತಾಗಿದ ಎಲೆಯಲ್ಲಿ ತಾಮ್ರದ ಅಂಕಿ ನಂಬತಕ್ಕದ್ದಲ್ಲ. ಚಿಕ್ಕ ಗಿಡಗಳಿಂದ ಸಾಕಷ್ಟು ಎಲೆ ಕೀಳಲಾಗದು, ಆದ್ದರಿಂದ ಒಂದೇ ಮೂಲದ ಪಡಿಯಚ್ಚುಗಳ ಎಲೆಗಳನ್ನು ಕೂಡಿಸಿ ಒಂದು ಮಾದರಿ ಮಾಡಿ. ಫ್ಲಾರಿಡಾದಲ್ಲಿ ಬಳಕೆಯಲ್ಲಿರುವ ಮಾನದಂಡದ ಪ್ರಕಾರ ಒಣ ಎಲೆಯಲ್ಲಿ ಸಾರಜನಕ ಶೇ. 2.5-2.7, ರಂಜಕ 0.12-0.16, ಪೊಟ್ಯಾಷಿಯಂ 1.2-1.7, ಕ್ಯಾಲ್ಸಿಯಂ 3.0-4.9, ಮೆಗ್ನೀಸಿಯಂ 0.30-0.49 ಇದ್ದರೆ ತೃಪ್ತಿಕರ. ಸತು ಮತ್ತು ಮ್ಯಾಂಗನೀಸ್ ಹತ್ತು ಲಕ್ಷಕ್ಕೆ 25-100 ಭಾಗ, ಕಬ್ಬಿಣ 60-120, ಬೋರಾನ್ 36-100. ಇವು ಮುಖ್ಯವಾಗಿ ಕಿತ್ತಳೆಯನ್ನು ನೋಡಿ ಗೊತ್ತುಮಾಡಿದ ಅಂಕಿಗಳು. ಲಿಂಬೆಗೆ ದಿಕ್ಕು ತೋರಿಸುತ್ತವೆ, ಆದರೆ ತೀರ್ಪಿಗೆ ನಿಮ್ಮದೇ ಹೋಲಿಕೆಯ ಗಿಡವನ್ನು ಮುಂದಿಡಬೇಕು.

ಅಂಕಿಗಳನ್ನು ಓದುವಾಗ ಒಂದು ಬಲೆಯಿದೆ. ಗಿಡ್ಡಾದ ಗಿಡದ ಎಲೆಯಲ್ಲಿ ಪೊಟ್ಯಾಷಿಯಂ ಅಥವಾ ಸಾರಜನಕ ಹೋಲಿಕೆಯ ಗಿಡಕ್ಕಿಂತ ಹೆಚ್ಚು ಬಂದರೆ ‘ಈ ಉತ್ಪರಿವರ್ತಿತ ಹೆಚ್ಚು ಪೋಷಕಾಂಶ ಹೀರುತ್ತದೆ’ ಎಂದು ಬರೆದುಬಿಡುವ ಆಸೆಯಾಗುತ್ತದೆ. ಆದರೆ ಬೆಳವಣಿಗೆ ಕುಂಠಿತವಾದಾಗ ಹೀರಿದ್ದು ಕಡಿಮೆ ಎಲೆಗಳಲ್ಲಿ ಹಂಚಿಕೆಯಾಗಿ ಸಾಂದ್ರವಾಗುತ್ತದೆ. ಸಾರಿಗೆ ನೀರು ಕಡಿಮೆ ಹೊಯ್ದರೆ ಉಪ್ಪು ಮುಂದಾಗುವಂತೆ. ನಿಜ ತಿಳಿಯಬೇಕಾದರೆ ಎರಡು-ಮೂರು ಪಡಿಯಚ್ಚುಗಳನ್ನು ಬಲಿಗೊಟ್ಟು, ಎಲೆ, ಕಾಂಡ, ಬೇರು ಒಣಗಿಸಿ ತೂಗಿ, ಶೇಕಡಾ ಅಂಕಿಯನ್ನು ಒಣತೂಕದಿಂದ ಗುಣಿಸಿ ಇಡೀ ಗಿಡದ ಮೊತ್ತವನ್ನು ಹೋಲಿಸಬೇಕು. ಬೆಳೆಸಿದ ಗಿಡವನ್ನು ಕಿತ್ತು ಒಲೆಗೆ ಹಾಕುವುದು ಯಾರಿಗೂ ಇಷ್ಟವಲ್ಲ, ಆದರೆ ಇದನ್ನು ಮಾಡದೆ ಪೋಷಕಾಂಶ ಹೀರುವಿಕೆಯ ಬಗ್ಗೆ ಏನನ್ನೂ ಹೇಳುವಂತಿಲ್ಲ.

ಹಣ್ಣು ಬಂದ ಮೇಲೆ

ಮೂರನೆಯ ಅಥವಾ ನಾಲ್ಕನೆಯ ತಲೆಮಾರಿನ ಗಿಡ ಹಣ್ಣು ಬಿಟ್ಟಾಗ ಬೀಜ ಎಣಿಸುವುದು ಸುಲಭವೆನಿಸುತ್ತದೆ. ಆದರೆ ಸುತ್ತ ಬೇರೆ ಜಾತಿಯ ಪರಾಗವೇ ಇಲ್ಲದಿದ್ದರೆ ಕೆಲವು ತಳಿಗಳು ಸಹಜವಾಗಿಯೇ ಬೀಜ ಕಡಿಮೆ ಬಿಡುತ್ತವೆ. ಡಬ್ಲ್ಯೂ ಮರ್ಕಾಟ್ ಎಂಬ ಮ್ಯಾಂಡರಿನ್ ಹಾಗೆ: ಒಂಟಿಯಾಗಿದ್ದಾಗ ಬೀಜ ಕಡಿಮೆ, ನೆರೆಯ ಪರಾಗ ತಗುಲಿದರೆ ತುಂಬ ಬೀಜ. ಅದರ ಕಣ್ಣುಗಳನ್ನು ರಿವರ್‌ಸೈಡ್‌ನಲ್ಲಿ ಕಿರಣಕ್ಕೆ ಒಡ್ಡಿ ಆರಿಸಿದ, 2006ರಲ್ಲಿ ಬಿಡುಗಡೆಯಾದ ಟ್ಯಾಂಗೋ ಎಂಬ ತಳಿ ನೆರೆಯ ಪರಾಗವಿದ್ದರೂ ಬೀಜ ಕಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಗಿಡ ಯಾವ ಬಗೆಯದೆಂದು ತಿಳಿಯಲು ತುಡುವೆ ಜೇನಿನ ಪೆಟ್ಟಿಗೆ ಮತ್ತು ಹೂಬಿಟ್ಟ ಚಕ್ಕೋತ ಹತ್ತಿರವಿರುವ ಜಾಗದಲ್ಲಿ ಒಂದೆರಡು ಪಡಿಯಚ್ಚುಗಳನ್ನು ನೆಡಿ. ಅದರ ಜೊತೆಗೆ ಇಪ್ಪತ್ತು-ಮೂವತ್ತು ಹೂಗಳಿಗೆ ಚಕ್ಕೋತದ ಪರಾಗವನ್ನು ಕೈಯಿಂದಲೇ ಮುಟ್ಟಿಸಿ ಬಲೆಚೀಲ ಕಟ್ಟಿ. ಗಿಡದ ಪರಾಗವನ್ನು ಅಸಿಟೊಕಾರ್ಮೈನ್ ಬಣ್ಣದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ, ಬಣ್ಣ ಹಿಡಿಯದ, ಮುದುರಿದ ಕಣಗಳ ಪಾಲಿನಿಂದ ಪರಾಗದ ಬಂಜೆತನ ತಿಳಿಯುತ್ತದೆ.

ಬೀಜ ಹೋದರೆ ಹಣ್ಣಿನ ಗಾತ್ರವೂ ಕುಗ್ಗಬಹುದು, ಕಾಯಿ ಉದುರುವುದೂ ಹೆಚ್ಚಬಹುದು. ಎಳೆಗಾಯಿಯನ್ನು ಮರದಲ್ಲಿ ಹಿಡಿದಿಡುವ ಹಾರ್ಮೋನುಗಳ ಒಂದು ಮೂಲ ಬೀಜವೇ. ಆದ್ದರಿಂದ ಒಂದು ಹಣ್ಣಿನ ಬೀಜದ ಸಂಖ್ಯೆಯ ಪಕ್ಕದಲ್ಲಿಯೇ ಅದರ ತೂಕ, ರಸದ ತೂಕ, ಗಿಡದಲ್ಲಿ ನಿಂತ ಕಾಯಿಗಳ ಎಣಿಕೆ ಮತ್ತು ಆ ವರ್ಷದ ಎಲೆ ವಿಶ್ಲೇಷಣೆಯ ಅಂಕಿಗಳನ್ನು ಬರೆಯಿರಿ. ಕಡಿಮೆ ಕಾಯಿ ಹೊತ್ತ ಗಿಡದ ಎಲೆಯಲ್ಲಿ ಪೊಟ್ಯಾಷಿಯಂ ಹೆಚ್ಚು ಉಳಿಯುತ್ತದೆ, ಏಕೆಂದರೆ ಅದನ್ನು ಹೆಚ್ಚಾಗಿ ಸೆಳೆದೊಯ್ಯುವುದು ಹಣ್ಣು. ಇದನ್ನೂ ಗುಣವೆಂದು ಎಣಿಸಬಾರದು. ಕನಿಷ್ಠ ಮೂರು ಫಸಲುಗಳಲ್ಲಿ, ಎರಡು ಕಡೆ ನೆಟ್ಟ ಪಡಿಯಚ್ಚುಗಳಲ್ಲಿ, ಸಾಧ್ಯವಾದರೆ ಒಂದು ಶಿರಸಿಯ ಮೇಲಿನ ನೆಲದಲ್ಲಿ, ಇನ್ನೊಂದು ಅಂಕೋಲಾ ಅಥವಾ ಕುಮಟಾದ ತಗ್ಗಿನಲ್ಲಿ, ಅದೇ ಗುಣ ಮರಳಿ ಬಂದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಶಾಯಿಯಲ್ಲಿ ತಿದ್ದಬಹುದು. ಅಲ್ಲಿಂದ ಮುಂದೆ ಕಣ್ಣು ತೆಗೆಯುವಾಗ ಗುಣ ತೋರಿದ ಕೊಂಬೆಗಳಿಂದಲೇ ತೆಗೆಯಿರಿ. ಕಲಬೆರಕೆಯ ಅಂಗಾಂಶ ಉಳಿದಿದ್ದರೆ ಹಳೆಯ ಲಿಂಬೆ ಯಾವುದೋ ಒಂದು ಚಿಗುರಿನಲ್ಲಿ ತಲೆಯೆತ್ತುತ್ತದೆ, ಮತ್ತು ಅಂಥ ಚಿಗುರು ಸಾಮಾನ್ಯವಾಗಿ ಹೆಚ್ಚು ಬಲಶಾಲಿಯಾಗಿದ್ದು ನೋಡುವ ಕಣ್ಣಿಗೆ ಅದೇ ಚೆಂದ ಕಾಣುತ್ತದೆ.